ಗಾಯರಾಣದ ಚಿಗರಿ, ಪಟ್ಟಾ ಹೊಲದ ಪೈರು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಹೆಸರಿಗೆ ತಕ್ಕ ಕಾಡು ಬಹುಮಟ್ಟಿಗೆ ಇಲ್ಲವಾದರೂ, ದಖ್ಖನ್ನಿನ ಬಯಲಿನ ಹಳೆಯ ಬೇಟೆಯ ಮೃಗವಾದ ಕೃಷ್ಣಮೃಗವು ಅಲ್ಲಿನ ಹೊಲಗಳ ನಡುವೆಯೇ ಉಳಿದುಕೊಂಡಿದೆ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮವು ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ, ಈ ಮೂರು ತಾಲ್ಲೂಕುಗಳಿಂದ ದೂರದಲ್ಲಿರುವುದರಿಂದ, ಇಲ್ಲಿನ ರೈತರು ಚಿಗರಿ ಎಂದು ಕರೆಯುವ ಈ ಪ್ರಾಣಿಗೆ ಅಭಯಾರಣ್ಯದ ಗಡಿಯಾಗಲಿ ಬೇಲಿಯಾಗಲಿ ಇಲ್ಲ. ಅದು ಬೆಳಗ್ಗೆ ಒಬ್ಬ ರೈತನ ತೊಗರಿ ಹೊಲದಲ್ಲಿ ಮೇಯುತ್ತದೆ, ಬಿಸಿಲೇರಿದಾಗ ಊರಿನ ಗಾಯರಾಣದಲ್ಲಿ ಮಲಗುತ್ತದೆ, ಸಂಜೆಗೆ ಹಳ್ಳ ದಾಟಿ ಮತ್ತೊಂದು ಊರಿನ ಸೀಮೆಗೆ ಹೋಗುತ್ತದೆ. ಒಂದೇ ದಿನದಲ್ಲಿ ಖಾಸಗಿ, ಸಾರ್ವಜನಿಕ ಮತ್ತು ಯಾರದೆಂದು ತೀರ್ಮಾನವಾಗದ ಭೂಮಿಯನ್ನು ಹಾದುಹೋಗುವ ಇಂಥ ಪ್ರಾಣಿಯ ಮೇಲಿನ ಹಕ್ಕು ಯಾರದು, ಅದನ್ನು ಬೇಟೆಯಾಡುವ ಅಧಿಕಾರ ಯಾರಿಗಿತ್ತು, ಅದು ಮೇಯುವ ಪೈರಿನ ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳಿಗೆ ಈ ಸೀಮೆಯಲ್ಲಿ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಉತ್ತರಗಳು ಸಿಕ್ಕಿವೆ.

ಈ ಭೂಮಿ ದೂರದಿಂದ ನೋಡಿದವರಿಗೆ ಸಮತಟ್ಟಾಗಿ ಕಂಡರೂ ಒಳಹೊಕ್ಕು ನೋಡಿದರೆ ಹಾಗಿಲ್ಲ. ಲಾವಾರಸ ಪದರಪದರವಾಗಿ ಹರಿದು ಗಟ್ಟಿಯಾದ ಕಪ್ಪುಕಲ್ಲಿನ ಮೇಲೆ ನಿಂತಿರುವ ಆಳಂದದ ಎತ್ತರದ ಭಾಗಗಳಲ್ಲಿ ಮೇಲ್ಮಣ್ಣು ತೆಳುವಾಗಿ, ಕಲ್ಲು ಹೊರಚಾಚಿದ ಮಡ್ಡಿಗಳಿವೆ. ಅಲ್ಲಿಂದ ಇಳಿದು ಬರುವ ಅಮರ್ಜಾ ಹೊಳೆಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮಾ ನದಿಯನ್ನು ಸೇರುವವರೆಗೂ ಇಕ್ಕೆಲಗಳಲ್ಲಿ ಹಳ್ಳಗಳನ್ನೂ ಕೊರಕಲುಗಳನ್ನೂ ತೋಡಿದೆ. ಭೀಮೆಯ ದಕ್ಷಿಣದ ಜೇವರ್ಗಿಯಲ್ಲಿ ಎರೆಮಣ್ಣಿನ ಆಳವಾದ ಹೊಲಗಳೂ ಅವುಗಳ ನಡುವೆ ಕಲ್ಲುಹಾಸಿನ ಬರಡು ತುಂಡುಗಳೂ ಬೆರೆತಿವೆ. ಉಳುಮೆಗೆ ಒಗ್ಗುವ ಎರೆಭೂಮಿಯೆಲ್ಲ ಪಟ್ಟಾ ಜಮೀನಾಗಿ ರೈತರ ಹೆಸರಿಗೆ ಸೇರಿದರೆ, ನೇಗಿಲು ಇಳಿಯದ ಮಡ್ಡಿ, ಹಳ್ಳದ ದಂಡೆ ಮತ್ತು ದನ ಮೇಯಲು ಬಿಟ್ಟ ಸರ್ಕಾರಿ ಹುಲ್ಲುಗಾವಲು, ಅಂದರೆ ಹಳೆಯ ಹೈದರಾಬಾದ್ ಸೀಮೆಯ ಕಂದಾಯ ಭಾಷೆಯಲ್ಲಿ ಗಾಯರಾಣ, ತುಂಡುತುಂಡಾಗಿ ಉಳಿದವು. ಚಿಗರಿಗೆ ಬೇಕಾದದ್ದು ಈ ತುಂಡುಗಳೇ.

ಕೃಷ್ಣಮೃಗವನ್ನು ವಾಡಿಕೆಯಲ್ಲಿ ಜಿಂಕೆ ಎಂದೇ ಕರೆಯುತ್ತಾರಾದರೂ ಪ್ರಾಣಿಶಾಸ್ತ್ರದ ಪ್ರಕಾರ ಅದು ಜಿಂಕೆಯ ಕುಲಕ್ಕೆ ಸೇರಿದ್ದಲ್ಲ. ಚುಕ್ಕೆ ಜಿಂಕೆ, ಕಡವೆ ಮತ್ತು ಉತ್ತರ ಅಮೆರಿಕದ ಎಲ್ಕ್ ಇವು ಜಿಂಕೆಗಳು. ಅವುಗಳ ಗಂಡಿಗೆ ಮೂಡುವ ಕವಲುಗೊಂಬುಗಳು ಮೂಳೆಯವಾಗಿದ್ದು ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುತ್ತವೆ. ಕೃಷ್ಣಮೃಗವಾದರೋ ಹುಲ್ಲೆಯ ಜಾತಿಯದು, ದನ ಮತ್ತು ಆಡುಗಳ ಹತ್ತಿರದ ಸಂಬಂಧಿ. ಅದರ ಗಂಡಿನ ತಿರುಚಿದ ಕೊಂಬು ಮೂಳೆಯ ತಿರುಳಿನ ಮೇಲೆ ಕೊಳಗಿನಂಥ ಹೊದಿಕೆಯನ್ನು ಹೊಂದಿದ್ದು ಜೀವಮಾನವಿಡೀ ಉಳಿಯುತ್ತದೆ. ಹೆಣ್ಣು ಮತ್ತು ಮರಿಗಳು ಹೊಂಬಣ್ಣದವಾಗಿದ್ದು, ಗಂಡು ಬಲಿಯುತ್ತ ಬಂದಂತೆ ಬೆನ್ನು ಕಪ್ಪಾಗುತ್ತದೆ. ಕಾಡುಮರಗಳ ಮರೆ ಅದಕ್ಕೆ ಬೇಡ. ಕಣ್ಣು ಹಾಯುವಷ್ಟು ದೂರ ಬಯಲು ಇರಬೇಕು, ಅಪಾಯ ಕಂಡಾಗ ಓಡಲು ತೆರಪಿರಬೇಕು. ಗಂಟೆಗೆ 70–80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿಗೆ ಓಟವೇ ರಕ್ಷಣೆಯಾದ್ದರಿಂದ, ದೃಷ್ಟಿಗೆ ಅಡ್ಡಬರುವ ಎತ್ತರದ ಪೈರಿನೊಳಗೆ ನುಗ್ಗಲು ಅದು ಹಿಂಜರಿಯುತ್ತದೆ. ಈ ಒಂದು ಗುಣವನ್ನು ಗಮನದಲ್ಲಿಟ್ಟರೆ ಬೇಟೆಗಾರರು ಅದನ್ನು ಹಿಡಿದ ಬಗೆಯೂ, ಇಂದು ಅದು ಹೊಲಗಳಲ್ಲಿ ಮಾಡುವ ಹಾನಿಯ ಬಗೆಯೂ ಸುಲಭವಾಗಿ ಅರ್ಥವಾಗುತ್ತವೆ.

ಆಳಂದದ ಈಶಾನ್ಯಕ್ಕಿರುವ ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ವಿಶ್ವಕೋಶದಂಥ ಗ್ರಂಥದಲ್ಲಿ ಅಡುಗೆ, ಸಂಗೀತ, ಆನೆ, ಕುದುರೆಗಳ ಜೊತೆಗೆ ಮೃಗಯಾವಿನೋದ, ಎಂದರೆ ರಾಜರ ಬೇಟೆಯ ವಿನೋದಕ್ಕೂ ವಿಸ್ತಾರವಾದ ಸ್ಥಾನವಿದೆ. ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದೂ ಪಳಗಿಸಿದ ಚೀತಾದಿಂದ ಬೇಟೆಯಾಡಿಸುವುದೂ ಅಲ್ಲಿ ಬರುತ್ತವೆ. ಭಾರತದಲ್ಲಿ ಚೀತಾ ಬೇಟೆಯ ಅತ್ಯಂತ ಹಳೆಯ ಉಲ್ಲೇಖಗಳಲ್ಲಿ ಇದೊಂದೆಂದು ವಿದ್ವಾಂಸರು ಪರಿಗಣಿಸುತ್ತಾರೆ. ಮುಂದೆ ಮೊಗಲರ ಕಾಲದಲ್ಲೂ ದಖ್ಖನ್ನಿನ ಆಸ್ಥಾನಗಳಲ್ಲೂ ಇದೇ ಬೇಟೆ ಶ್ರೀಮಂತರ ಆಟವಾಯಿತು. ಕಣ್ಣಿಗೆ ಪಟ್ಟಿ ಕಟ್ಟಿದ ಚೀತಾವನ್ನು ಎತ್ತಿನ ಬಂಡಿಯ ಮೇಲೆ ಕೂರಿಸಿ, ರೈತರ ಬಂಡಿಗಳನ್ನು ದಿನವೂ ನೋಡಿ ಅವಕ್ಕೆ ಹೆದರದ ಕೃಷ್ಣಮೃಗಗಳ ಹಿಂಡಿನ ಬಳಿಗೆ ಸದ್ದಿಲ್ಲದೆ ಕರೆದೊಯ್ದು, ಹತ್ತಿರವಾದ ಮೇಲೆ ಪಟ್ಟಿ ಬಿಚ್ಚಿ ಬಿಡಲಾಗುತ್ತಿತ್ತು. ಸ್ವಲ್ಪ ದೂರದೊಳಗೆ ಹಿಡಿಯಲಾರದಿದ್ದರೆ ಚೀತಾ ಓಟವನ್ನೇ ಕೈಬಿಡುತ್ತಿತ್ತು, ಹಿಡಿದರೆ ಗಂಟಲಿಗೆ ಬಾಯಿ ಹಾಕುತ್ತಿತ್ತು. ಪಳಗಿದ ಚೀತಾಗಳು ಸೆರೆಯಲ್ಲಿ ಮರಿ ಹಾಕುವುದು ತೀರ ಅಪರೂಪವಾದ ಕಾರಣ ಹೊಸ ಚೀತಾಗಳನ್ನು ಪ್ರತಿ ಬಾರಿಯೂ ಬಯಲಿನಿಂದಲೇ ಹಿಡಿದು ತರಬೇಕಾಗುತ್ತಿತ್ತು. ಬಯಲಿನ ಚೀತಾಗಳ ಸಂತತಿ ಕುಗ್ಗಲು ಇದೂ ಒಂದು ಕಾರಣವಾಗಿ, ಕೊನೆಗೆ 1952ರಲ್ಲಿ ಚೀತಾ ಭಾರತದಿಂದ ಅಳಿದಿದೆಯೆಂದು ಘೋಷಿಸಲಾಯಿತು. ಅರಸರ ವಿನೋದವು ಬೇಟೆಯ ಮೃಗವನ್ನು ಉಳಿಸಿ, ಬೇಟೆಯಾಡುವ ಮೃಗವನ್ನೇ ಮುಗಿಸಿತೆಂಬುದು ಈ ಕಥೆಯ ವ್ಯಂಗ್ಯ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಗುಲಬರ್ಗಾ, ಅಂದರೆ ಇಂದಿನ ಕಲಬುರಗಿ, ಸೀಮೆಯ ಭೂಮಿಯು ಏಕರೂಪದ್ದಾಗಿರಲಿಲ್ಲ. ಸರ್ಕಾರ ನೇರವಾಗಿ ಕಂದಾಯ ಎತ್ತುವ ದಿವಾನಿ ಗ್ರಾಮಗಳು, ನಿಜಾಮರ ಸ್ವಂತ ಖರ್ಚಿಗೆ ಮೀಸಲಾದ ಸರ್ಫ್-ಎ-ಖಾಸ್, ಸಂಸ್ಥಾನದ ದೊಡ್ಡ ಕುಟುಂಬಗಳಿಗೆ ಸೇರಿದ ಪಾಯಗಾ ಮತ್ತು ಜಹಗೀರು ಗ್ರಾಮಗಳು ಒಂದರ ಪಕ್ಕ ಒಂದಿದ್ದುದರಿಂದ, ಒಂದು ಗ್ರಾಮದ ಗಡಿ ದಾಟಿದ ಕೂಡಲೇ ಅಪ್ಪಣೆ ಕೊಡುವವರೂ ಬದಲಾಗುತ್ತಿದ್ದರು. ಬೇಟೆಯ ಹಕ್ಕು ಭೂಮಿಯ ಮೇಲಿನ ಅಧಿಕಾರಕ್ಕೆ ಅಂಟಿಕೊಂಡಿತ್ತು. ಉಳುವವನು ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಬಹುದಿತ್ತೇ ಹೊರತು ಒಡೆಯನ ಶಿಕಾರಿಯನ್ನು ಮುಟ್ಟುವಂತಿರಲಿಲ್ಲ. 1948ರ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಜಹಗೀರುಗಳು ರದ್ದಾದಾಗ ಈ ಒಡೆತನದ ಪದರಗಳು ಕಳಚಿದವು. 1956ರಲ್ಲಿ ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು.

ಒಡೆಯರ ಶಿಕಾರಿಯ ಹಿಂದೆ ಬೇಟೆಯನ್ನೇ ಬದುಕಾಗಿಸಿಕೊಂಡ ಮತ್ತೊಂದು ಜನವರ್ಗವಿತ್ತು. ಜೇವರ್ಗಿಯ ಆಚೆಗಿನ ಸುರಪುರ ಸಂಸ್ಥಾನವನ್ನು ಕಟ್ಟಿದ ಬೇಡ ನಾಯಕರ ಕುಲದ ಹೆಸರೇ ಬೇಟೆಯೊಂದಿಗೆ ಹೊಂದಿಕೊಂಡಿದ್ದರೂ ಅವರು ಕಾಲಕ್ರಮೇಣ ಸೈನಿಕರೂ ಒಕ್ಕಲಿಗರೂ ಆದರು. ಅಲೆಮಾರಿಗಳಾಗಿಯೇ ಉಳಿದು ಚಿಗರಿಯ ಹಿಂದೆ ನಡೆದವರು ಹರಣಶಿಕಾರಿ, ಪಾರ್ಧಿ, ಫಾಸೆ ಪಾರ್ಧಿ ಎಂದು ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಗಡಿಯಲ್ಲಿ ಗುರುತಿಸಲ್ಪಡುವ ಸಮುದಾಯಗಳು. ಫಾಸೆ, ಎಂದರೆ ಉರುಲುಗಳನ್ನು ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿ ನೆಲಮಟ್ಟದಲ್ಲಿ ಹರಡಿ, ಹಿಂಡನ್ನು ಆ ಕಡೆಗೆ ಸೋವಿ ಕಾಲು ಸಿಕ್ಕಿಸುವುದು ಅವರ ಮುಖ್ಯ ಉಪಾಯ. ಪಳಗಿಸಿದ ಎತ್ತಿನ ಮರೆಯಲ್ಲಿ ಹಿಂಡಿನ ಬಳಿ ಸರಿಯುವುದು, ಪಳಗಿಸಿದ ಗಂಡು ಚಿಗರಿಯ ಕೊಂಬಿಗೆ ಉರುಲು ಕಟ್ಟಿ ಕಾಡಿನ ಗಂಡಿನೊಡನೆ ಸೆಣಸಲು ಬಿಡುವುದು ಇವೂ ಪಾರ್ಧಿಗಳ ಉಪಾಯಗಳೆಂದು ದಾಖಲಾಗಿವೆ. ಅವರ ಚಲನವಲನಗಳನ್ನು ಅನುಮಾನದಿಂದ ನೋಡಿದ ಬ್ರಿಟಿಷ್ ಆಡಳಿತವು 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಅಡಿಯಲ್ಲಿ ಇಂಥ ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯ್ದೆಯನ್ನು ತೆಗೆದುಹಾಕಿತಾದರೂ, ಇಪ್ಪತ್ತು ವರ್ಷಗಳ ಬಳಿಕ ಬಂದ ವನ್ಯಜೀವಿ ಕಾಯ್ದೆಯು ಅವರ ಕುಲಕಸುಬನ್ನೇ ಅಪರಾಧವಾಗಿಸಿತು. ಅರಸರಿಗೂ ಜಹಗೀರುದಾರರಿಗೂ ಬೇಟೆ ಬಿಡುವುದೆಂದರೆ ಒಂದು ವಿನೋದವನ್ನು ಬಿಟ್ಟಂತೆ. ಹರಣಶಿಕಾರಿಗೆ ಅದು ಅಂದಿನ ಊಟವನ್ನು ಬಿಟ್ಟಂತೆ. ಬೇಟೆಯ ಇತಿಹಾಸ ಬರೆದವರು ಮೊದಲನೆಯವರ ಬಗ್ಗೆ ಪುಟಗಟ್ಟಲೆ ಬರೆದು ಎರಡನೆಯವರನ್ನು ಅಡಿಟಿಪ್ಪಣಿಯಲ್ಲಿ ಮುಗಿಸಿದ್ದಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಮಾಡಿದ ಅತಿ ದೊಡ್ಡ ಬದಲಾವಣೆಯೆಂದರೆ ಪ್ರಾಣಿಯನ್ನು ಭೂಮಿಯಿಂದ ಬೇರ್ಪಡಿಸಿದ್ದು. ಚಿಗರಿಯು ಪಟ್ಟಾ ಹೊಲದಲ್ಲಿರಲಿ, ಗಾಯರಾಣದಲ್ಲಿರಲಿ, ಮೀಸಲು ಅರಣ್ಯದಲ್ಲಿರಲಿ, ಅದಕ್ಕೆ ಅನ್ವಯಿಸುವ ನಿಯಮ ಒಂದೇ. ಕಾಯ್ದೆಯ ಒಂಬತ್ತನೆಯ ಕಲಮು ಬೇಟೆಯನ್ನು ನಿಷೇಧಿಸುತ್ತದೆ. ಬೇಟೆ ಎಂಬುದರ ವ್ಯಾಖ್ಯೆಯಲ್ಲಿ ಕೊಲ್ಲುವುದು ಮಾತ್ರವಲ್ಲದೆ ವಿಷವಿಡುವುದು, ಉರುಲೊಡ್ಡುವುದು, ಬಲೆಗೆ ಸೋವುವುದು ಮತ್ತು ಇವುಗಳ ಪ್ರಯತ್ನವೂ ಸೇರುತ್ತವೆ. ಆದ್ದರಿಂದ ಪ್ರಾಣಿ ಸಿಗದೆ ಹೋದರೂ ಉರುಲು ಕಟ್ಟಿದ್ದೇ ಅಪರಾಧವಾಗುತ್ತದೆ. ಬೇಟೆಯಾದ ಅಥವಾ ಸತ್ತು ಸಿಕ್ಕ ಪ್ರಾಣಿಯ ದೇಹ, ಕೊಂಬು, ಚರ್ಮ ಎಲ್ಲವೂ 39ನೆಯ ಕಲಮಿನ ಪ್ರಕಾರ ಸರ್ಕಾರದ ಸ್ವತ್ತು. ಕೃಷ್ಣಮೃಗವು ಅತ್ಯುನ್ನತ ರಕ್ಷಣೆಯ ಒಂದನೆಯ ಅನುಸೂಚಿಯಲ್ಲಿದ್ದು, ಅದನ್ನು ಬೇಟೆಯಾಡಿದವರಿಗೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಸೆರೆವಾಸ ಮತ್ತು 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡವಿದೆ.

ಕಾಯ್ದೆಯ 11ನೆಯ ಕಲಮಿನಲ್ಲಿ ಒಂದು ಸೂಕ್ಷ್ಮವಿದ್ದು, ಅದು ರೈತರಿಗೆ ನೇರವಾಗಿ ಸಂಬಂಧಿಸಿದ್ದರೂ ಸಭೆಗಳಲ್ಲಿ ಅಪರೂಪಕ್ಕೆ ಚರ್ಚೆಯಾಗುತ್ತದೆ. ಎರಡನೆಯ ಅನುಸೂಚಿಯ ಪ್ರಾಣಿಯು, ಉದಾಹರಣೆಗೆ ಕಾಡುಹಂದಿ ಅಥವಾ ಚುಕ್ಕೆ ಜಿಂಕೆ, ಮನುಷ್ಯರ ಜೀವಕ್ಕೆ ಮಾತ್ರವಲ್ಲದೆ ನಿಂತ ಪೈರನ್ನೂ ಒಳಗೊಂಡ ಆಸ್ತಿಗೆ ಅಪಾಯಕಾರಿಯಾದರೂ ಅದನ್ನು ಕೊಲ್ಲಲು ಅಧಿಕಾರಿಯು ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಒಂದನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಈ ಅಧಿಕಾರವು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮಾತ್ರ ಇದ್ದು, ಅದಕ್ಕೂ ಕಾರಣವಾಗಬಹುದಾದದ್ದು ಮನುಷ್ಯರ ಜೀವಕ್ಕೆ ಅಪಾಯ ಅಥವಾ ಪ್ರಾಣಿಯು ಗುಣವಾಗದಷ್ಟು ಗಾಯಗೊಂಡಿರುವುದು ಅಥವಾ ರೋಗಕ್ಕೆ ತುತ್ತಾಗಿರುವುದು. ಪೈರಿನ ನಷ್ಟವು ಅಲ್ಲಿ ಕಾರಣವೇ ಅಲ್ಲ. ಚಿಗರಿ ಮನುಷ್ಯರ ಮೇಲೆ ಎರಗುವ ಪ್ರಾಣಿಯಲ್ಲವಾದ್ದರಿಂದ, ಅದನ್ನು ಹೊಲದಿಂದ ಬಂದೂಕಿನ ಮೂಲಕ ನಿವಾರಿಸುವ ಬಾಗಿಲು ಕಾನೂನಿನಲ್ಲಿ ಪೂರ್ತಿಯಾಗಿ ಮುಚ್ಚಿದೆ. ಬಿಹಾರದಲ್ಲಿ ನೀಲಗಾಯಿಯನ್ನು ಪೀಡಕ ಪ್ರಾಣಿಯೆಂದು ಘೋಷಿಸಿ 2016ರಲ್ಲಿ ಶೂಟರುಗಳನ್ನು ಕರೆಸಿ ಕೊಲ್ಲಿಸಿದಂತೆ ಇಲ್ಲಿಯೂ ಮಾಡಬೇಕೆಂಬ ಮಾತು ಕೇಳಿಬಂದರೆ ಅದಕ್ಕೆ ಉತ್ತರವೂ ಇದೇ: ಪೀಡಕ ಎಂದು ಘೋಷಿಸುವ ಅಧಿಕಾರವನ್ನು ಒಂದನೆಯ ಅನುಸೂಚಿಯ ಪ್ರಾಣಿಯ ಮೇಲೆ ಬಳಸುವಂತಿಲ್ಲ. ಬೆಳೆರಕ್ಷಣೆಗೆಂದು ಲೈಸೆನ್ಸ್ ಪಡೆದ ಬಂದೂಕು ಕೂಡ ಚಿಗರಿಯ ಕಡೆಗೆ ತಿರುಗುವಂತಿಲ್ಲ.

ಹಾಗಾದರೆ ಹೊಲದಲ್ಲಿ ನಡೆಯುವುದೇನು ಎಂಬುದನ್ನು ಬೆಳೆಯ ಹಂತಗಳಲ್ಲಿಯೇ ನೋಡಬೇಕು. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಗುಲಬರ್ಗಾ ತೊಗರಿಯು ಮುಂಗಾರಿನ ಬಿತ್ತನೆಯ ಬೆಳೆ. ಮೊಳಕೆಯೊಡೆದು ಎರಡೆಲೆ ಬಿಟ್ಟ ಎಳೆಯ ಪೈರು ಚಿಗರಿಯ ಹಿಂಡಿಗೆ ರುಚಿಯಾದ ಮೇವಾಗಿದ್ದು, ಕುಡಿ ಕಚ್ಚಿದ ಸಸಿಗಳು ಸಾಯುವುದರಿಂದ ರೈತರು ಮರುಬಿತ್ತನೆ ಮಾಡಬೇಕಾಗುತ್ತದೆ. ಮಳೆ ಕಾಯದ ಈ ಸೀಮೆಯಲ್ಲಿ ತಡವಾದ ಬಿತ್ತನೆಯೆಂದರೆ ಇಳುವರಿಯಲ್ಲಿ ಇಳಿಕೆಯೆಂದೇ ಅರ್ಥ. ತೊಗರಿ ಎದೆಮಟ್ಟಕ್ಕೆ ಬೆಳೆದ ಮೇಲೆ ಚಿಗರಿ ಅದರೊಳಗೆ ಹೆಚ್ಚಾಗಿ ಹೋಗುವುದಿಲ್ಲ. ಹಿಂಗಾರಿಯಲ್ಲಿ ನೆಲಮಟ್ಟದಲ್ಲೇ ಹರಡುವ ಕಡಲೆಯ ಹೊಲ ಅದಕ್ಕೆ ಮತ್ತೆ ತೆರೆದುಕೊಳ್ಳುತ್ತದೆ. ಮುಳ್ಳಿರುವ ಕುಸುಬೆಯನ್ನು ಹೊಲದ ಅಂಚಿನ ಸಾಲುಗಳಲ್ಲಿ ಬಿತ್ತಿ ದನಗಳನ್ನು ತಡೆಯುವ ಹಳೆಯ ಪದ್ಧತಿಯು ಚಿಗರಿಗೂ ಒಂದಿಷ್ಟು ತಡೆಯಾಗಿತ್ತು. ಕುಸುಬೆಯ ಬಿತ್ತನೆ ಕುಗ್ಗಿದಂತೆ ಆ ಬೇಲಿಯೂ ಕುಗ್ಗಿದೆ. ಇತ್ತ ಅಫಜಲಪುರದಲ್ಲಿ ಭೀಮೆಯ ನೀರು ಹೊಲಕ್ಕೆ ಏರಿದಂತೆಲ್ಲ ಕಬ್ಬು ಹರಡಿದೆ. ದಟ್ಟವಾದ ಕಬ್ಬಿನ ಗದ್ದೆಯೊಳಗೆ ಚಿಗರಿ ಹೋಗದು, ಕಾಡುಹಂದಿಯಾದರೋ ಅದರೊಳಗೇ ಬೀಡುಬಿಡುತ್ತದೆ. ಹೀಗಾಗಿ ನೀರಾವರಿಯು ಒಂದು ಪ್ರಾಣಿಯನ್ನು ತೊಗರಿಯ ಒಣಭೂಮಿಗೆ ಇನ್ನಷ್ಟು ಒತ್ತಿ, ಮತ್ತೊಂದಕ್ಕೆ ಹೊಸ ಮನೆ ಕಟ್ಟಿಕೊಟ್ಟಿದೆ.

ಬೆಳೆಹಾನಿಗೆ ಅರಣ್ಯ ಇಲಾಖೆಯ ಪರಿಹಾರಧನದ ವ್ಯವಸ್ಥೆ ರಾಜ್ಯದಲ್ಲಿದ್ದರೂ, ರಾತ್ರಿ ಮೇಯ್ದು ಹೋದ ಸಸಿಯ ಲೆಕ್ಕವನ್ನು ಮರುದಿನ ತೋರಿಸುವುದು, ಅದು ಕುರಿಯ ಬಾಯಿಯದಲ್ಲ ಚಿಗರಿಯದೆಂದು ಸಾಬೀತುಪಡಿಸುವುದು ಸುಲಭವಲ್ಲ. ಆನೆ ತುಳಿದ ಬಾಳೆತೋಟದ ಹಾನಿ ಕಣ್ಣಿಗೆ ಕಟ್ಟುತ್ತದೆ. ಮೊಳಕೆ ಹೋದ ಹೊಲ ಬಿತ್ತದ ಹೊಲದಂತೆಯೇ ಕಾಣುತ್ತದೆ. ಇದರಿಂದ ಬೇಸತ್ತವರು ಹೊಲದ ಸುತ್ತ ವಿದ್ಯುತ್ ಕಂಬದಿಂದ ನೇರವಾಗಿ ತಂತಿ ಎಳೆದರೆ ಅದು ಪ್ರಾಣಿಯನ್ನಷ್ಟೇ ಅಲ್ಲದೆ ರಾತ್ರಿ ನೀರು ಹಾಯಿಸಲು ಬಂದ ಪಕ್ಕದ ಹೊಲದವರನ್ನೂ ಕೊಲ್ಲುತ್ತದೆ. ಸೌರಬೇಲಿ ಎಂದು ಕರೆಯುವ ವ್ಯವಸ್ಥೆಯು ಇದಕ್ಕಿಂತ ಬೇರೆ: ಅದು ಬ್ಯಾಟರಿಯಿಂದ ಕ್ಷಣಾರ್ಧದ ಹೊಡೆತಗಳನ್ನಷ್ಟೇ ಬಿಟ್ಟುಬಿಟ್ಟು ಹರಿಸುವುದರಿಂದ ತಾಗಿದ ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಆದರೆ ಒಬ್ಬನ ಹೊಲಕ್ಕೆ ಬೇಲಿ ಬಂದರೆ ಹಿಂಡು ಬೇಲಿಯಿಲ್ಲದ ಪಕ್ಕದವನ ಹೊಲಕ್ಕೆ ಸರಿಯುತ್ತದೆ. ಆ ಪಕ್ಕದವನು ಸಾಮಾನ್ಯವಾಗಿ ಬೇಲಿಗೆ ಹಣವಿಲ್ಲದವನು.

ಬೇಟೆಯನ್ನು ಮತ್ತೆ ತೆರೆದರೆ ಈ ತೊಡಕು ಬಗೆಹರಿಯುತ್ತದೆಂದು ವಾದಿಸುವವರು ಅಮೆರಿಕದ ಪಶ್ಚಿಮ ರಾಜ್ಯಗಳನ್ನು ಉದಾಹರಿಸುವುದುಂಟು. ಅಲ್ಲಿಯೂ ಜಿಂಕೆ ಮತ್ತು ಎಲ್ಕ್‌ಗಳು ಭೂಮಾಲೀಕರವಲ್ಲ, ರಾಜ್ಯದ ಪಾಲನೆಯಲ್ಲಿರುವ ಸಾರ್ವಜನಿಕ ಸಂಪತ್ತು. ರಾಜ್ಯವು ಹಿಂಡುಗಳ ಸಂಖ್ಯೆಯನ್ನು ಅಂದಾಜು ಮಾಡಿ, ಋತು ಮತ್ತು ಮಿತಿ ಗೊತ್ತುಪಡಿಸಿ, ಶುಲ್ಕ ಪಡೆದು ಪರವಾನಗಿ ಕೊಡುತ್ತದೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ವಿಧಿಸಿದ ತೆರಿಗೆ ವನ್ಯಜೀವಿ ಸಂರಕ್ಷಣೆಗೇ ಹೋಗುತ್ತದೆ. ಅಷ್ಟಾದರೂ ಅಲ್ಲಿ ಜಗಳ ನಿಂತಿಲ್ಲ. 19ನೆಯ ಶತಮಾನದಲ್ಲಿ ರೈಲ್ವೆ ಕಂಪನಿಗಳಿಗೆ ಒಂದು ಬಿಟ್ಟು ಒಂದರಂತೆ ಚದರ ಮೈಲಿಗಳನ್ನು ಹಂಚಿದ್ದರಿಂದ ವ್ಯೋಮಿಂಗ್ ರಾಜ್ಯದ ಸರ್ಕಾರಿ ಮತ್ತು ಖಾಸಗಿ ಭೂಮಿ ಚದುರಂಗದ ಮಣೆಯಂತೆ ಹರಡಿವೆ. 2021ರಲ್ಲಿ ಎಲ್ಕ್ ಮೌಂಟನ್ ಎಂಬಲ್ಲಿ ಕೆಲವು ಬೇಟೆಗಾರರು ಖಾಸಗಿ ನೆಲಕ್ಕೆ ಕಾಲಿಡದಂತೆ ಏಣಿಯೊಂದನ್ನು ಬಳಸಿ ಒಂದು ಸರ್ಕಾರಿ ಚೌಕದ ಮೂಲೆಯಿಂದ ಮತ್ತೊಂದರ ಮೂಲೆಗೆ ದಾಟಿದ್ದು ವ್ಯಾಜ್ಯವಾಗಿ, 2025ರಲ್ಲಿ ಮೇಲ್ಮನವಿ ನ್ಯಾಯಾಲಯವು ಬೇಟೆಗಾರರ ಪರವಾಗಿ ತೀರ್ಪು ನೀಡಿತು. ಅಲ್ಲಿ ತಕರಾರಿರುವುದು ಮನುಷ್ಯರು ಪ್ರಾಣಿಯ ಬಳಿಗೆ ಹೋಗುವ ದಾರಿಯ ಬಗ್ಗೆ. ಇಲ್ಲಿ ತಕರಾರಿರುವುದು ಪ್ರಾಣಿಯೇ ಮನುಷ್ಯರ ಹೊಲಕ್ಕೆ ಬರುವ ಬಗ್ಗೆ. ಅಲ್ಲಿನ ಬೇಟೆ ನಿಂತಿರುವುದು ವರ್ಷವರ್ಷದ ಎಣಿಕೆ, ವಿಶಾಲವಾದ ಸರ್ಕಾರಿ ಭೂಮಿ ಮತ್ತು ವಿರಳ ಜನವಸತಿಯ ಮೇಲೆ. ಹೊಲಹೊಲದಲ್ಲೂ ಜನ ದುಡಿಯುವ, ಚಿಗರಿ ಅಲ್ಲೊಂದು ಇಲ್ಲೊಂದು ಹಿಂಡಾಗಿ ಚದುರಿರುವ ಭೀಮಾತೀರಕ್ಕೆ ಆ ಪದ್ಧತಿಯನ್ನು ತರುವ ಮಾತು ವಿವೇಕದ್ದಲ್ಲ.

ಬೇಟೆಯಾಡದೆ ಹಿಂಡನ್ನು ಸಾಗಿಸುವ ದಾರಿಯನ್ನು ಮಧ್ಯಪ್ರದೇಶವು 2025ರಲ್ಲಿ ಶಾಜಾಪುರ ಸೀಮೆಯಲ್ಲಿ ಪ್ರಯೋಗಿಸಿತು. ಆಫ್ರಿಕಾದಲ್ಲಿ ರೂಢಿಯಲ್ಲಿರುವ ಬೋಮಾ ಎಂಬ ಈ ವಿಧಾನದಲ್ಲಿ ಬಟ್ಟೆಯ ಗೋಡೆಗಳನ್ನು ಬಾಯಿ ಅಗಲವಾಗಿ ಒಳಗೆ ಕಿರಿದಾಗುವಂತೆ ನಿಲ್ಲಿಸಿ, ಹೆಲಿಕಾಪ್ಟರಿನಿಂದ ಹಿಂಡನ್ನು ಒಳಗೆ ಸೋವಿ, ಲಾರಿಗೆ ಹತ್ತಿಸಿ ದೂರದ ರಕ್ಷಿತ ಪ್ರದೇಶಕ್ಕೆ ಒಯ್ಯಲಾಗುತ್ತದೆ. ನೂರಾರು ಕೃಷ್ಣಮೃಗಗಳು ಹೀಗೆ ಹೊಲಗಳಿಂದ ಹೊರಹೋದವು. ಪಾರ್ಧಿಗಳು ಹಿಂಡನ್ನು ಉರುಲಿನ ಸಾಲಿಗೆ ಸೋವುತ್ತಿದ್ದ ಕೌಶಲದ ತತ್ವವೇ ಇದರಲ್ಲೂ ಇದೆಯೆಂಬುದನ್ನು ಗಮನಿಸಿದರೆ, ಹಿಂಡಿನ ನಡೆಯನ್ನು ಬಲ್ಲ ಆ ಸಮುದಾಯದವರಿಗೆ ಇಂಥ ಕೆಲಸದಲ್ಲಿ ಜಾಗವಿರಬೇಕೆಂದು ಯಾರಿಗಾದರೂ ಅನ್ನಿಸಬೇಕು. ಆದರೆ ಸಾಗಿಸಿದ ಹಿಂಡಿಗೆ ಸೇರಲು ಹುಲ್ಲುಗಾವಲು ಬೇಕು. 1974ರಲ್ಲಿ ಕೃಷ್ಣಮೃಗಕ್ಕಾಗಿಯೇ ಘೋಷಿಸಿದ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೂಡ ನೀಲಗಿರಿ ನೆಡುತೋಪುಗಳು ಹುಲ್ಲಿನ ಜಾಗವನ್ನು ನುಂಗಿವೆ. ಮರವಿದ್ದರೆ ಮಾತ್ರ ಅರಣ್ಯ, ಹುಲ್ಲಿದ್ದರೆ ಬಂಜರು ಎಂಬ ಎಣಿಕೆ ಕಡತಗಳಲ್ಲಿ ಬೇರೂರಿದೆ.

ಅದೇ ಎಣಿಕೆಯೇ ಗಾಯರಾಣವನ್ನೂ ಕರಗಿಸಿದೆ. ಕರ್ನಾಟಕ ಭೂಕಂದಾಯ ನಿಯಮಗಳಂತೆ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳ, ಅಂದರೆ ಇಲ್ಲಿನ ಗಾಯರಾಣ, ಉಳಿಯಬೇಕು. ಇನ್ನೊಂದೆಡೆ ಅನುಮತಿಯಿಲ್ಲದೆ ಸರ್ಕಾರಿ ಭೂಮಿಯನ್ನು ಉಳುತ್ತಿರುವವರಿಗೆ ಅದನ್ನು ಸಕ್ರಮಗೊಳಿಸುವ ಬಗರ್ ಹುಕುಂ ಅರ್ಜಿಗಳು ನಮೂನೆ 50, 53, 57 ಎಂಬ ಸಂಖ್ಯೆಗಳಲ್ಲಿ ಮೂರು ಸುತ್ತು ಬಂದಿವೆ. ಭೂಮಿಯಿಲ್ಲದವರಿಗೆ ತುಂಡು ನೆಲ ಸಿಗುವುದು ನ್ಯಾಯವೇ ಆದರೂ, ಹೀಗೆ ಪಟ್ಟಾ ಆದ ಪ್ರತಿ ತುಂಡು ಗಾಯರಾಣದಿಂದ ಚಿಗರಿಯೂ ಕುರಿಯೂ ಒಟ್ಟಿಗೆ ಹೊರಬಿದ್ದು ಉಳಿದವರ ಹೊಲದಂಚಿಗೆ ಬರುತ್ತವೆ. ಹುಲ್ಲಿನ ಬಯಲಿನಲ್ಲಿ ಚಿಗರಿಯ ಸಂಖ್ಯೆಯನ್ನು ಮಿತಿಯಲ್ಲಿಡುತ್ತಿದ್ದ ತೋಳಕ್ಕೂ ನೆಲೆ ತಪ್ಪಿದೆ. ಅದು ಕುರಿಹಟ್ಟಿಯ ಕಡೆಗೆ ತಿರುಗಿ ಕುರಿಗಾಹಿಗಳ ವೈರ ಕಟ್ಟಿಕೊಂಡಿದೆ.

ಆಳಂದ ಮತ್ತು ಅಫಜಲಪುರಗಳ ಪಕ್ಕದ ಅಕ್ಕಲಕೋಟೆ ಇರುವ ಸೊಲ್ಲಾಪುರ ಜಿಲ್ಲೆಯಲ್ಲಿ ಮಹಾರಾಷ್ಟ್ರವು 1979ರಲ್ಲಿ ನಾನ್ನಜ್ ಸುತ್ತ ಹೆಬ್ಬಕ ಎಂಬ ಹಕ್ಕಿಗಾಗಿ ಘೋಷಿಸಿದ ಅಭಯಾರಣ್ಯವು ಮೊದಲು ಸುಮಾರು 8,496 ಚದರ ಕಿಲೋಮೀಟರ್ ವ್ಯಾಪಿಸಿ, ಊರು ಹೊಲಗಳನ್ನೆಲ್ಲ ನಕ್ಷೆಯೊಳಗೆ ಸೇರಿಸಿಕೊಂಡಿತ್ತು. ಭೂಮಿಯ ವ್ಯವಹಾರಗಳು ಇಕ್ಕಟ್ಟಿಗೆ ಸಿಕ್ಕಿ ಜನರ ಅಸಮಾಧಾನ ಬೆಳೆದ ಮೇಲೆ ಅದನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಕೃಷ್ಣಮೃಗಗಳು ಅಲ್ಲಿ ಹುಲ್ಲಿನ ತುಂಡುಗಳಲ್ಲಿ ಚೆನ್ನಾಗಿಯೇ ಬದುಕಿದವು; ಹೆಬ್ಬಕ ಮಾತ್ರ ಬಹುಪಾಲು ಮರೆಯಾಯಿತು. ಖಾಸಗಿ ಹೊಲದ ಮೇಲೆ ಅಭಯಾರಣ್ಯದ ನಕ್ಷೆ ಎಳೆಯುವುದರಿಂದ ಪ್ರಯೋಜನ ಕಡಿಮೆಯೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯು ಇದಕ್ಕಿಂತ ಸಣ್ಣದಾದ ಎರಡು ದಾರಿಗಳನ್ನು ತೆರೆಯಿತು. ಸರ್ಕಾರದ ಒಡೆತನದ ನೆಲವನ್ನು ಸ್ಥಳೀಯರೊಡನೆ ಸಮಾಲೋಚಿಸಿ ಸಂರಕ್ಷಣಾ ಮೀಸಲು ಎಂದೂ, ಊರವರು ಅಥವಾ ವ್ಯಕ್ತಿಗಳು ತಾವಾಗಿ ಮುಂದೆ ಬಂದ ಖಾಸಗಿ ಅಥವಾ ಸಮುದಾಯದ ನೆಲವನ್ನು ಸಮುದಾಯ ಮೀಸಲು ಎಂದೂ ಘೋಷಿಸಬಹುದು. ಎರಡರ ನಿರ್ವಹಣಾ ಸಮಿತಿಯಲ್ಲೂ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿಗೆ ಸ್ಥಾನವಿದೆ. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 800 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾದದ್ದು ಮೊದಲ ದಾರಿಯಿಂದ; ಅದೇ ವರ್ಷ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಹಕ್ಕಿಗಳಿಗಾಗಿ ಸಮುದಾಯ ಮೀಸಲಾದದ್ದು ಎರಡನೆಯದರಿಂದ. ಆಳಂದದ ಮಡ್ಡಿ ಅಥವಾ ಜೇವರ್ಗಿಯ ಕಲ್ಲುಹಾಸಿನ ಗಾಯರಾಣದಂಥ ನೂರಾರು ಎಕರೆಯ ತುಂಡುಗಳಿಗೆ ಒಪ್ಪುವ ಅಳತೆ ಇದೇ. ಅದಕ್ಕೆ ಮೊದಲು ಆಗಬೇಕಾದ ಕೆಲಸ ಅರಣ್ಯ ಇಲಾಖೆಯದಲ್ಲ, ಕಂದಾಯ ಇಲಾಖೆಯದು: ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗಾಯರಾಣ ನಿಜವಾಗಿ ಉಳಿದಿದೆ, ಎಷ್ಟು ಪಹಣಿಯ ಮೇಲೆ ಮಾತ್ರ ಉಳಿದಿದೆ ಎಂಬುದನ್ನು ಸರಪಳಿ ಹಿಡಿದು ಅಳೆದು, ಬಾಕಿ ಇರುವ ನಮೂನೆ 57ರ ಅರ್ಜಿಗಳು ಇತ್ಯರ್ಥವಾಗುವ ಮುನ್ನವೇ ಊರಿನ ಮುಂದೆ ಇಡುವುದು.